ನಿಮಿಷಕ್ಕೆ ಇನ್ನೂರ ನಲವತ್ತು

ಎಂಟನೆಯ ಮಹಡಿಗೂ ಒಂಬತ್ತನೆಯದಕ್ಕೂ ನಡುವಿನ ಕತ್ತಲಲ್ಲಿ, ಲಿಫ್ಟಿನ ನೆತ್ತಿಯ ಮೇಲೆ ಕುಕ್ಕರಗಾಲಲ್ಲಿ ಕೂತು ಹಳಿಗೆ ಎಣ್ಣೆ ಸವರುತ್ತಿದ್ದ ಅವನು, ತನ್ನ ಬಲಗಾಲಿಗೆ ಇವತ್ತು ಏನಾದರೂ ಆಗಿಬಿಡಲಿ ಎಂದು ಮನಸ್ಸಿನಲ್ಲೇ ಹಾರೈಸುತ್ತಿದ್ದ. ದೊಡ್ಡದೇನೂ ಬೇಡ. ಮುರಿಯುವುದಂತೂ ಬೇಡವೇ ಬೇಡ. ಒಂದು ಉಳುಕು, ಸಣ್ಣದೊಂದು ಊತ, ಸಂಜೆ ಆರರವರೆಗೆ ಇದ್ದು ಆಮೇಲೆ ತಾನಾಗಿ ಇಳಿದುಹೋಗುವಂಥದ್ದು. ಹದಿನೆಂಟು ವರ್ಷದಿಂದ ಲಿಫ್ಟ್ ರಿಪೇರಿ ಮಾಡಿಕೊಂಡು ಬಂದವನಿಗೆ ಕಾಲು ಉಳುಕಿಸಿಕೊಳ್ಳಲು ಜಾಗಗಳಿಗೇನು ಬರ? ಆದರೆ ಅಭ್ಯಾಸಬಲ ಅವನ ಮಾತು ಕೇಳುತ್ತಿರಲಿಲ್ಲ. ಎಣ್ಣೆ ಬಿದ್ದ ಜಾಗವನ್ನು ಕಾಲು ತಾನೇ ದಾಟಿಕೊಂಡು ಹೋಗುತ್ತಿತ್ತು, ಕಬ್ಬಿಣದ ಅಂಚು ಬಂದರೆ ತಾನೇ ಹಿಂದೆ ಸರಿಯುತ್ತಿತ್ತು. ಒಂದು ಸಲ ಧೈರ್ಯ ಮಾಡಿ ಪಾದವನ್ನು ಬೇಕೆಂತಲೇ ವಾಲಿಸಿ ಊರಿದ. ಏನೂ ಆಗಲಿಲ್ಲ. ನಲವತ್ತನಾಲ್ಕರ ಈ ಕಾಲಿಗೆ ಬೇಕಾದಾಗ ವೇಗವಿಲ್ಲ, ಬೇಕಾದಾಗ ನೋವೂ ಇಲ್ಲ ಎಂದು ಅವನಿಗೆ ಒಳಗೊಳಗೇ ಸಿಟ್ಟು ಬಂತು, ಕೂಡಲೇ ನಗುವೂ ಬಂತು.

ಇದಕ್ಕೆಲ್ಲ ಕಾರಣ ಬೆಳಿಗ್ಗೆ ಹಲ್ಲುಜ್ಜುವಾಗ ಫೋನಿಗೆ ಬಂದ ಸಂದೇಶ. ಕಳಿಸಿದವಳು ಸೂಜಿ. ಅವಳು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಬಂದವರ ತೋಳು ಹಿಡಿದು ರಕ್ತ ತೆಗೆಯುವವಳು. ಆ ಅಡ್ಡಹೆಸರು ಅಲ್ಲಿಂದಲೇ ಬಂದದ್ದೆಂದು ಲ್ಯಾಬಿನವರು ತಿಳಿದಿದ್ದರು. ಅವಳ ಗಿಟಾರು ಕಿವಿಗೆ ಚುಚ್ಚುವ ರೀತಿಯಿಂದ ಬಂದದ್ದೆಂದು ಬ್ಯಾಂಡಿನ ಉಳಿದ ಮೂವರಿಗೆ ಮಾತ್ರ ಗೊತ್ತಿತ್ತು. ಸಮುದ್ರದಾಚೆ ಎಲ್ಲೋ ಇರುವ ಅಪರಿಚಿತನೊಬ್ಬ ಅವರ 'ಗೆದ್ದಲು' ಎಂಬ ಮೆಟಲ್ ಬ್ಯಾಂಡಿನ ಹೊಸ ಆಲ್ಬಮ್ಮನ್ನು ಕೇಳಿ, ಅದರಲ್ಲಿ 'ಹುಳುಗಳ ಸಭೆ' ಎಂಬ ಹಾಡಿಗೆ ಡ್ರಮ್ ಬಾರಿಸಿದವನ ಕಾಲುಗಳನ್ನು ನೋಡಬೇಕೆಂದು ಬರೆದಿದ್ದನಂತೆ. ಮುಖ ಬೇಡ, ಕಾಲು ಸಾಕು, ಎರಡು ನಿಮಿಷದ ವಿಡಿಯೊ. ನಿಮಿಷಕ್ಕೆ ಇನ್ನೂರ ನಲವತ್ತು ತಾಳದ ವೇಗದಲ್ಲಿ ಡ್ರಮ್ಮಿನ ಎರಡು ಪೆಡಲುಗಳನ್ನು ಇಷ್ಟು ಸ್ಪಷ್ಟವಾಗಿ ತುಳಿಯುವವರನ್ನು ತಾನು ಕೇಳಿಯೇ ಇಲ್ಲ ಎಂದು ಹೊಗಳಿದ್ದ. ಅದನ್ನೆಲ್ಲ ಒಪ್ಪಿಸಿ ಸೂಜಿ ಕೆಳಗೆ ಬರೆದಿದ್ದಳು: 'ಇವತ್ತು ಸಂಜೆಯೇ ತೆಗೆಯೋಣ. ಪ್ರಾಕ್ಟೀಸಿಗೆ ಬರುವಾಗ ಕಾಲು ತೊಳೆದುಕೊಂಡು ಬಾ.'

ಆ ಹಾಡನ್ನು ಅವನು ಇನ್ನೂರ ನಲವತ್ತರಲ್ಲಿ ಬಾರಿಸಿರಲಿಲ್ಲ. ಬಾರಿಸಿದ್ದು ನೂರ ತೊಂಬತ್ತರಲ್ಲಿ, ಅದೂ ನಡುನಡುವೆ ನಿಂತು ನೀರು ಕುಡಿದು. ರೆಕಾರ್ಡ್ ಮಾಡಿದವನು ಅವನ ಭಾಮೈದ. ಬಸ್ಸುಗಳಲ್ಲಿ 'ಮುಂದಿನ ನಿಲ್ದಾಣ' ಎಂದು ಹೇಳುವ ದನಿಗಳನ್ನು ರೆಕಾರ್ಡ್ ಮಾಡಿಕೊಡುವುದು ಭಾಮೈದನ ಕಸುಬು. ಅಲ್ಲಿ ಬಿಡುವಾದಾಗ ಗೆದ್ದಲಿನ ಕೆಲಸ. ಏಳನೆಯ ಸಲವೂ ಕಾಲು ಕೈಕೊಟ್ಟಾಗ ಭಾಮೈದ ಗಾಜಿನಾಚೆಯಿಂದ ಬಂದು ಹೆಗಲ ಮೇಲೆ ಕೈಯಿಟ್ಟು, "ಭಾವ, ಯಾಕೆ ಸಾಯ್ತೀರಿ? ನಿಮಗೆ ಆರಾಮಾಗೋ ವೇಗದಲ್ಲಿ ಬಾರಿಸಿ. ಉಳಿದದ್ದು ಕಂಪ್ಯೂಟರ್ ನೋಡ್ಕೊಳ್ಳತ್ತೆ," ಎಂದಿದ್ದ. ಕಂಪ್ಯೂಟರ್ ನೋಡಿಕೊಂಡಿತು, ವೇಗವನ್ನು ಇನ್ನೂರ ನಲವತ್ತಕ್ಕೆ ಏರಿಸಿತು. ಮರುದಿನ ಕೇಳಿದಾಗ ಅವನ ಮೈ ಜುಂ ಎಂದಿತು. ತನ್ನದೇ ಕಾಲು, ತಾನು ಇಪ್ಪತ್ತೆರಡರಲ್ಲಿ ಕನಸು ಕಂಡ ಕಾಲು, ಸರಸರ ಹರಿದುಹೋಗುತ್ತಿತ್ತು. ಇದು ಸುಳ್ಳು ಎಂದು ಆಗ ಅನ್ನಿಸಲೇ ಇಲ್ಲ. ಹಳೆಯ ಫೋಟೊದಲ್ಲಿ ತನ್ನ ತಲೆಗೂದಲು ನೋಡಿದ ಹಾಗಾಯಿತು, ಅಷ್ಟೆ.

ಸುಳ್ಳು ಎಂದು ಅನ್ನಿಸಿದ್ದು ಸೂಜಿ ಆ ಡ್ರಮ್ಮಿನ ಮೇಲೆ ಗಿಟಾರ್ ನುಡಿಸಬೇಕಾದಾಗ. ಅವಳು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಒಂದು ಸಲ ಕೇಳಿ, ಅವನ ಕಡೆ ತಿರುಗಿ, ಬರೀ ಹುಬ್ಬು ಏರಿಸಿದ್ದಳು. ಅದು ಅವಳಿಂದ ಇಪ್ಪತ್ತು ವರ್ಷದಲ್ಲಿ ಅವನಿಗೆ ಸಿಕ್ಕ ಅತಿ ದೊಡ್ಡ ಹೊಗಳಿಕೆ. ಆಮೇಲೆ ಆ ರೆಕಾರ್ಡಿಂಗನ್ನು ಮನೆಗೆ ಒಯ್ದು ಎಂಟು ತಿಂಗಳು ಅಭ್ಯಾಸಕ್ಕೆ ಕೂತಳು. ಬೆಳಿಗ್ಗೆ ಐದಕ್ಕೆ ಎದ್ದು, ಲ್ಯಾಬಿಗೆ ಹೋಗುವ ಮೊದಲು ಎರಡು ಗಂಟೆ. ನಡುವೆ ಮೂರು ತಿಂಗಳು ಮಣಿಕಟ್ಟಿಗೆ ಪಟ್ಟಿ ಸುತ್ತಿಕೊಂಡು ಬರುತ್ತಿದ್ದಳು. ಚಹಾದ ಲೋಟವನ್ನು ಎಡಗೈಯಲ್ಲಿ ಹಿಡಿಯುತ್ತಿದ್ದಳು. ಆಗ ಒಂದು ವಾಕ್ಯ ಹೇಳಿದ್ದರೆ ಮುಗಿದಿತ್ತು. ಮುಂದಿನ ವಾರ ಹೇಳಿದರಾಯಿತು ಎಂದು ಅವನು ಪ್ರತಿ ವಾರವೂ ಅಂದುಕೊಂಡ. ಕೊನೆಗೆ ಅವಳು ನಿಜಕ್ಕೂ ಇನ್ನೂರ ನಲವತ್ತರಲ್ಲಿ ನುಡಿಸಿದಳು, ಒಂದೇ ಉಸಿರಿನಲ್ಲಿ, ಎಲ್ಲಿಯೂ ತಡವರಿಸದೆ. ಗಾಜಿನಾಚೆ ಭಾಮೈದ ತಲೆ ತಗ್ಗಿಸಿ ಯಾವುದೋ ಗುಂಡಿಯನ್ನು ತಿರುಗಿಸುತ್ತ ಕೂತಿದ್ದ. ಅಂದಿನಿಂದ ಪ್ರಾಕ್ಟೀಸಿನಲ್ಲಿ ಆ ಹಾಡು ಬಂದಾಗಲೆಲ್ಲ ಪೆಡಲಿನ ಸ್ಪ್ರಿಂಗು ಸಡಿಲವಾಗುತ್ತಿತ್ತು, ಇಲ್ಲವೇ ಅದನ್ನು ಶೋಗೆ ಉಳಿಸಿಕೊಳ್ಳೋಣ ಎಂದು ಅವನಿಗೆ ತೋಚುತ್ತಿತ್ತು. ಈಗ ಶೋ ನಿಗದಿಯಾಗಿತ್ತು. ಇನ್ನು ಮೂರೇ ವಾರ.

ಒಂಬತ್ತನೆಯ ಮಹಡಿಯಲ್ಲಿ ಯಾರೋ ಬಾಗಿಲು ಬಡಿದು ಲಿಫ್ಟ್ ಎಷ್ಟು ಹೊತ್ತಿಗೆ ಸರಿಹೋಗುತ್ತದೆಂದು ಕೇಳಿದರು. ಹತ್ತು ನಿಮಿಷ ಎಂದು ಕೂಗಿ ಹೇಳಿದ. ಮೇಲಿನಿಂದ ಹಗ್ಗಗಳು ಮೆಲ್ಲನೆ ಗುಂಯ್‌ಗುಡುತ್ತಿದ್ದವು. ಎಲ್ಲ ಶುರುವಾದದ್ದು ಇಂಥದೇ ಒಂದು ಗುಂಯ್ ಸದ್ದಿನಿಂದ. ಪಾಲಿಟೆಕ್ನಿಕ್ಕಿನ ಕೊನೆಯ ವರ್ಷ ಸೂಜಿ ಎಲ್ಲಿಂದಲೋ ನಕಲು ಮಾಡಿಸಿ ತಂದ ಕ್ಯಾಸೆಟ್ಟು, ಹೆಸರಿಲ್ಲದ್ದು, ಲೇಬಲ್ಲಿನ ಮೇಲೆ ಬರೀ ಒಂದು ತಲೆಬುರುಡೆ. ಇಬ್ಬರೂ ಒಂದು ಸಣ್ಣ ರೆಕಾರ್ಡರಿಗೆ ಅತ್ತ ಒಂದು ಇತ್ತ ಒಂದು ಕಿವಿಯಿಟ್ಟು ಕೇಳಿದ್ದರು. ಮೊದಲ ಸಲ ಅವನಿಗೆ ಅದು ಸಂಗೀತ ಎನ್ನಿಸಲಿಲ್ಲ. ಪಾತ್ರೆ ತುಂಬಿದ ಪೆಟ್ಟಿಗೆಯನ್ನು ಯಾರೋ ಅಟ್ಟದಿಂದ ಉರುಳಿಸಿದ ಹಾಗಿತ್ತು. ಎರಡನೆಯ ಸಲ, ಆ ಪಾತ್ರೆಗಳು ಒಂದು ಲೆಕ್ಕದಲ್ಲಿ ಉರುಳುತ್ತಿವೆ ಎಂದು ಗೊತ್ತಾಯಿತು. ಮೂರನೆಯ ಸಲ ಅವನ ಕಾಲು ನೆಲ ತಟ್ಟುತ್ತಿತ್ತು. ಇನ್ನು ನಾವು ಇದನ್ನೇ ಮಾಡುವುದು ಎಂದು ಸೂಜಿ, ಊಟಕ್ಕೆ ಹೋಗೋಣ ಎಂಬಷ್ಟು ಸಹಜವಾಗಿ ಹೇಳಿದಳು. ಅವಳಿಗೆ ಆಗ ಗಿಟಾರ್ ಹಿಡಿಯಲೂ ಬರುತ್ತಿರಲಿಲ್ಲ.

ಬೇಸ್ ಗಿಟಾರಿಗೆ ಬಂದವರು ಮೇಷ್ಟ್ರು, ಹೈಸ್ಕೂಲಿನಲ್ಲಿ ಗಣಿತ ಹೇಳುವವರು. ಗೋಡೆಗೆ ಅಂಟಿಸಿದ್ದ ಪೋಸ್ಟರಿನಲ್ಲಿ ಬ್ಯಾಂಡಿನ ಆಗಿನ ಹೆಸರಾದ 'ನರಕದ್ವಾರ'ದ ಒತ್ತಕ್ಷರ ತಪ್ಪಿದೆ ಎಂದು ತಿದ್ದಲು ಬಂದವರು ಹಾಗೆಯೇ ಉಳಿದುಬಿಟ್ಟರು. ಆ ಹೆಸರು ಬಿದ್ದುಹೋದದ್ದೂ ಅವರಿಂದಲೇ: ಜಗತ್ತಿನಲ್ಲಿ ಈಗಾಗಲೇ ಮೂವತ್ತೊಂದು ನರಕದ್ವಾರಗಳಿವೆ ಎಂದು ಪಟ್ಟಿ ಮಾಡಿಕೊಂಡು ಬಂದಿದ್ದರು. 'ಗೆದ್ದಲು' ಎಂದು ಸೂಚಿಸಿದವನು ಬ್ಯಾಂಡಿಗೆ ಹಾಡುವ ಹಾಸಿಗೆ ಅಂಗಡಿಯವನು. ಯಾರಿಗೂ ಕಾಣದೆ, ಸದ್ದಿಲ್ಲದೆ ಎಲ್ಲವನ್ನೂ ತಿಂದುಹಾಕುತ್ತದೆ ಎಂದು ಅವನ ವಿವರಣೆ. ಸದ್ದಿಲ್ಲದೆ ಮಾಡುವುದಾದರೆ ನಾವು ನಾಲ್ಕು ಜನ ಯಾಕೆ ಬೇಕು ಎಂದು ಸೂಜಿ ಕೇಳಿದ್ದಳು, ಆದರೂ ಹೆಸರು ನಿಂತಿತು. ಹಾಸಿಗೆಯವನಂಥ ಮೆತ್ತನೆಯ ಮನುಷ್ಯ ಇನ್ನೊಬ್ಬನಿರಲಾರ. ಗಿರಾಕಿಗಳಿಗೆ ಅವನು 'ಮಲಗಿ ನೋಡಿ' ಎನ್ನುವುದನ್ನು ಕೇಳಿದರೇ ನಿದ್ದೆ ಬರುತ್ತಿತ್ತು. ಅಂಗಡಿಯ ಮೇಲಿನ ಗೋದಾಮಿನಲ್ಲಿ ಹಾಸಿಗೆಗಳ ನಡುವೆ ಸದ್ದು ಹೊರಗೆ ಹೋಗುವುದಿಲ್ಲವೆಂದು ಅವರು ಪ್ರಾಕ್ಟೀಸಿಗೆ ಜಾಗ ಕೇಳಲು ಹೋಗಿದ್ದರು, ಅಷ್ಟೆ. ಅಷ್ಟರಲ್ಲಿ ಅವನ ಕಾಲ ಮೇಲೆ ಇಲಿಯೊಂದು ಹಾದುಹೋಯಿತು. ಆಗ ಅವನ ಹೊಟ್ಟೆಯ ತಳದಿಂದ ಎದ್ದು ಬಂದ ಸದ್ದಿಗೆ ಸೂಜಿ ಇಲಿಯನ್ನೂ ಜಾಗವನ್ನೂ ಮರೆತು ಅವನ ಎರಡೂ ಕೈ ಹಿಡಿದುಕೊಂಡಳು: ಹಾಡುವವನು ಸಿಕ್ಕಿದ್ದ. ಮೊದಲ ಶೋ ಬ್ಯಾಡ್ಮಿಂಟನ್ ಹಾಲಿನಲ್ಲಿ. ಹನ್ನೊಂದು ಜನ ಬಂದಿದ್ದರು. ಅವರಲ್ಲಿ ನಾಲ್ವರು ಆಡಲು ಬಂದು ಕೋರ್ಟು ಖಾಲಿಯಾಗಲೆಂದು ಕಾಯುತ್ತಿದ್ದವರು. ಆಮೇಲೆ ವರ್ಷ ವರ್ಷಕ್ಕೂ ಕೂದಲು ಕಡಿಮೆಯಾಯಿತು, ಕನ್ನಡಕ ಬಂತು, ಮಕ್ಕಳು ಬಂದರು, ಕೇಳುವವರ ಸಂಖ್ಯೆ ನಲವತ್ತರ ಆಸುಪಾಸಿನಲ್ಲೇ ನಿಂತಿತು. ಏರುತ್ತ ಹೋದದ್ದೆಂದರೆ ವೇಗ ಒಂದೇ. ನೂರ ಅರವತ್ತು, ನೂರ ಎಂಬತ್ತು, ಇನ್ನೂರು. ಏರಿಸುತ್ತಿದ್ದವನು ಅವನೇ. ನಿಲ್ಲಿಸುವುದು ಹೇಗೆಂದು ಅವನಿಗೆ ತಿಳಿದಿರಲಿಲ್ಲ.

ಮಧ್ಯಾಹ್ನ ಔಷಧದ ಅಂಗಡಿಗೆ ಹೋಗಿ, ಕಾಲಿಗೆ ಸುತ್ತುವ ಬಟ್ಟೆಯ ಪಟ್ಟಿಯೊಂದನ್ನು ಕೊಂಡ. ಅಂಗಡಿಯವನು ಎಲ್ಲಿ ಬಿದ್ದಿರಿ ಎಂದು ಕಳಕಳಿಯಿಂದ ಕೇಳಿದಾಗ, ಇನ್ನೂ ಬಿದ್ದಿಲ್ಲ ಎಂದುಬಿಟ್ಟ. ಕಟ್ಟಡದ ತುದಿಯಲ್ಲಿ ಲಿಫ್ಟಿನ ಮೋಟಾರಿರುವ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ಕದ್ದು ತಿನ್ನುವವನ ಹಾಗೆ ಗೋಡೆಗೆ ಮುಖ ಮಾಡಿ, ಪಟ್ಟಿ ಸುತ್ತಿದ. ಐದಕ್ಕೆ ಮನೆಗೆ ಬಂದು ಡ್ರಮ್ಮಿನ ಕೋಲುಗಳನ್ನು ಎತ್ತಿಕೊಳ್ಳುವಾಗ ಹೆಂಡತಿ ಇಸ್ತ್ರಿ ಮಾಡುತ್ತಿದ್ದವಳು ತಲೆಯೆತ್ತಿ ನೋಡಿದಳು. ಅವಳು ಕೇಳುವ ಮೊದಲೇ ಅವನು ಉಳುಕಿದೆ ಎಂದು ಹೇಳಿದ.

"ಯಾವ ಕಾಲು?"

"ಬಲಗಾಲು."

"ಮತ್ತೆ ಎಡಗಾಲು ಯಾಕೆ ಎಳೀತಿದ್ದೀರಿ?"

ಅವನು ಎಡಗಾಲನ್ನು ನೇರ ಮಾಡಿಕೊಂಡ. ಅವಳು ಅಂಗಿಯ ತೋಳನ್ನು ಮಡಿಸಿ, ತಿರುವಿ, ಕಾಲರಿನ ಮೇಲೆ ಇಸ್ತ್ರಿ ಎಳೆಯುತ್ತ, ತನ್ನ ತಮ್ಮನ ಹೊಟ್ಟೆಯಲ್ಲಿ ಯಾವತ್ತು ಮಾತು ನಿಂತಿದೆ ಎಂದು ಇಸ್ತ್ರಿಗೆ ಹೇಳುವಂತೆ ಹೇಳಿದಳು. ಅವಳಿಗೆ ಒಂದು ವರ್ಷದಿಂದ ಗೊತ್ತಿತ್ತು. ಭಾಮೈದನ ಕಂಪ್ಯೂಟರಿನಲ್ಲಿ 'ಭಾವನ ಕಾಲು' ಎಂಬ ಹೆಸರಿನ ಫೈಲು ಇರುವುದೂ ಗೊತ್ತಿತ್ತು. ಒಂದು ವರ್ಷ ಇವಳ ಎದುರು ತಾನು ಆ ಹಾಡು ಹಾಕಿ, ಕಣ್ಣು ಮುಚ್ಚಿ, ತಲೆಯಾಡಿಸುತ್ತ ಕೂರುತ್ತಿದ್ದದ್ದು ನೆನಪಾಗಿ ಅವನ ಕಿವಿ ಬಿಸಿಯಾಯಿತು. ಅವಳು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಅಂಗಿಯನ್ನು ಅವನ ಕೈಗಿಟ್ಟು, ಆ ಹೆಣ್ಣುಮಗಳ ಕೈ ನೋಯಿಸಿದ್ದು ಸಾಕು, ಇವತ್ತು ಹೇಳಿಬಿಟ್ಟು ಬನ್ನಿ ಎಂದಳು.

ಗೋದಾಮಿನ ಮೆಟ್ಟಿಲು ಹತ್ತುವಾಗ ಅವನು ಬಲಗಾಲನ್ನೇ ಎಳೆದ. ಹೇಳುವುದು ಎಂದು ನಿರ್ಧರಿಸಿದ ಮೇಲೂ ಪಟ್ಟಿಯನ್ನು ಬಿಚ್ಚಲು ಯಾಕೋ ಮನಸ್ಸಾಗಿರಲಿಲ್ಲ. ಮೇಲೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಹಾಸಿಗೆಗಳು ಗೋಡೆಗೊರಗಿ ನಿಂತಿದ್ದವು, ಕಿಟಕಿಯಿಂದ ಬಂದ ಬಿಸಿಲಿನ ಪಟ್ಟೆಯಲ್ಲಿ ಹತ್ತಿಯ ಎಳೆಗಳು ತೇಲುತ್ತಿದ್ದವು. ಮೇಷ್ಟ್ರು ತಂತಿ ಬಿಗಿಯುತ್ತಿದ್ದರು. ಹಾಸಿಗೆಯವನು ಗಂಟಲು ಕಾಪಾಡಿಕೊಳ್ಳಲು ಬಿಸಿನೀರು ಗುಟುಕರಿಸುತ್ತಿದ್ದ. ಸೂಜಿ ಒಂದು ಸ್ಟೂಲಿನ ಮೇಲೆ ಪುಸ್ತಕ ಪೇರಿಸಿ, ಪೆಡಲುಗಳ ಎತ್ತರಕ್ಕೆ ಸರಿಯಾಗಿ ಫೋನು ನಿಲ್ಲಿಸಿದ್ದಳು. ಪೆಡಲುಗಳನ್ನು ಒರೆಸಿಯೂ ಇಟ್ಟಿದ್ದಳು. ಉಳುಕಿದೆ ಎಂಬ ಮಾತು ಅವನ ಬಾಯಿಂದ ತಾನಾಗಿಯೇ ಹೊರಬಿತ್ತು. ಅವಳು ಕೂರು ಎಂದಳು, ಅವನ ಪಾದವನ್ನು ತನ್ನ ಮಂಡಿಯ ಮೇಲೆ ಎತ್ತಿಟ್ಟುಕೊಂಡಳು, ದಿನಕ್ಕೆ ಅರವತ್ತು ತೋಳು ಹಿಡಿಯುವ ಆ ಕೈಗಳಿಂದ ಸುತ್ತು ಸುತ್ತಾಗಿ ಪಟ್ಟಿ ಬಿಚ್ಚಿದಳು. ಹೆಬ್ಬೆರಳಿನಿಂದ ಅಲ್ಲಿ ಒತ್ತಿದಳು, ಇಲ್ಲಿ ಒತ್ತಿದಳು. ಪ್ರತಿ ಸಲವೂ ಅವನು ಸ್ವಲ್ಪ ತಡವಾಗಿ ಹಾ ಎಂದ. ಅವಳ ಬಲ ಮಣಿಕಟ್ಟಿನ ಮೇಲೆ ಪಟ್ಟಿಯ ಅಂಚು ಬಿಟ್ಟುಹೋಗಿದ್ದ ಬಿಳಿಗೆರೆ ಇನ್ನೂ ಇತ್ತು. ಅದನ್ನು ನೋಡುತ್ತಲೇ ಅವನು ಹೇಳಿದ.

"ಕಾಲಿಗೆ ಏನೂ ಆಗಿಲ್ಲ. ಆ ಹಾಡನ್ನ ನಾನು ಅಷ್ಟು ವೇಗವಾಗಿ ಬಾರಿಸೇ ಇಲ್ಲ."

ಆಮೇಲೆ ಎಲ್ಲವನ್ನೂ ಹೇಳಿದ. ನೂರ ತೊಂಬತ್ತು, ನೀರು ಕುಡಿದದ್ದು, ಭಾಮೈದ, ಕಂಪ್ಯೂಟರು, ಸಡಿಲವಾಗದ ಸ್ಪ್ರಿಂಗುಗಳು. ಹೇಳುತ್ತ ಹೋದಂತೆ ಮಾತು ಸಲೀಸಾಗುತ್ತ ಹೋಯಿತು, ಆ ಸಲೀಸಿಗೆ ಅವನಿಗೇ ನಾಚಿಕೆಯಾಯಿತು. ಅವನ ಪಾದ ಇನ್ನೂ ಅವಳ ಮಂಡಿಯ ಮೇಲೇ ಇತ್ತು. ಎಳೆದುಕೊಳ್ಳುವುದೋ ಬಿಡುವುದೋ ತಿಳಿಯಲಿಲ್ಲ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿ, ಹಾಗಾದರೆ ವೇಗ ಏರಿಸಿದ್ದು ಶೇಕಡಾ ಇಪ್ಪತ್ತಾರಕ್ಕಿಂತ ಸ್ವಲ್ಪ ಮೇಲಾಯಿತು ಎಂದರು. ಯಾರೂ ಏನೂ ಕೇಳಿರಲಿಲ್ಲ. ಹಾಸಿಗೆಯವನು ಬಿಸಿನೀರಿನ ಲೋಟದೊಳಗೆ ನೋಡುತ್ತಿದ್ದ.

"ಎಂಟು ತಿಂಗಳು," ಎಂದಳು ಸೂಜಿ. ದನಿ ಏರಲಿಲ್ಲ. "ನಿನ್ನ ಸರಿಸಮಕ್ಕೆ ಬರ್ಬೇಕು ಅಂತ. ನಿನ್ನ ಅವಮಾನ ಮಾಡಬಾರದು ಅಂತ."

ಪಾದವನ್ನು ಮೆಲ್ಲನೆ ನೆಲಕ್ಕಿಟ್ಟಳು, ಪಟ್ಟಿಯನ್ನು ಅಚ್ಚುಕಟ್ಟಾಗಿ ಸುರುಳಿ ಸುತ್ತಿ ಡ್ರಮ್ಮಿನ ಮೇಲಿಟ್ಟಳು, ಮೆಟ್ಟಿಲಿಳಿದು ಹೋದಳು. ಕೆಳಗೆ ಅಂಗಡಿಯ ಬಾಗಿಲಿನ ಗಂಟೆ ಕಿಣಿ ಎಂದಿತು. ಅವನಿಗೆ ಆಗ ಅನ್ನಿಸಿದ್ದೆಂದರೆ, ಅವಳು ಕೂಗಾಡಿದ್ದರೆ ತಾನು ಎದ್ದು ಹೋಗಬಹುದಿತ್ತು, ಈಗ ಹೋಗುವಂತೆಯೂ ಇಲ್ಲ ಎಂದು. ತನ್ನ ಮಾತು ಹೇಳಬೇಕೆಂದರೆ, ಎಂದು ಹಾಸಿಗೆಯವನು ಸಂಕೋಚದಿಂದ ಶುರುಮಾಡಿ, ಆ ಹಾಡಿನಲ್ಲಿ ತನಗೂ ಉಸಿರು ಸಾಲುತ್ತಿರಲಿಲ್ಲವೆಂದೂ ಎರಡನೆಯ ಚರಣದಲ್ಲಿ ಪದಗಳನ್ನು ಬಿಟ್ಟು ಬರೀ ಗುರ್ ಎನ್ನುತ್ತಿದ್ದೆನೆಂದೂ ಹೇಳಿದ. ಅದು ಎಲ್ಲರಿಗೂ ಗೊತ್ತು ಎಂದರು ಮೇಷ್ಟ್ರು.

ಮತ್ತೆ ಗಂಟೆ ಕಿಣಿ ಎಂದಿತು. ಸೂಜಿ ಮೇಲೆ ಬಂದಳು, ಅವನ ಕಡೆ ನೋಡದೆ ಗಿಟಾರು ಹೆಗಲಿಗೇರಿಸಿ, ಸ್ಟೂಲಿನ ಮೇಲಿದ್ದ ಫೋನನ್ನು ಜೇಬಿಗೆ ಹಾಕಿಕೊಂಡಳು.

"ಬಾರಿಸು. ನಿನಗೆ ನಿಜವಾಗಿ ಎಷ್ಟಾಗತ್ತೋ ಅಷ್ಟು."

ಕೂತ. ನೂರ ತೊಂಬತ್ತಾದರೂ ಬಾರಿಸಿ ಮಾನ ಉಳಿಸಿಕೊಳ್ಳೋಣವೆಂದು ಕೋಲೆತ್ತಿದ. ಕಾಲು ಅವನ ಮಾತು ಕೇಳಲಿಲ್ಲ. ಒಂದು ಹೊಡೆತ ಬಿತ್ತು, ಎರಡನೆಯದು ಬರಬೇಕಾದಾಗ ಬರಲಿಲ್ಲ, ಬರಬಹುದಾದಾಗ ಬಂತು. ಲಿಫ್ಟು ಮಹಡಿ ಮಹಡಿಗೂ ನಿಂತು ನಿಂತು ಇಳಿಯುವ ಹಾಗೆ. ಮೂರನೆಯದು. ಇನ್ನು ಇವಳು ಗಿಟಾರು ಇಳಿಸಿ ನಡೆದುಬಿಡುತ್ತಾಳೆ ಎಂದುಕೊಂಡ. ಆದರೆ ನಾಲ್ಕನೆಯ ಹೊಡೆತಕ್ಕೆ ಸರಿಯಾಗಿ ಅವಳು ಹಾಡಿನ ಮೊದಲ ಸ್ವರವನ್ನು ಮೀಟಿ, ಬಿಟ್ಟಳು. ಎಂದೂ ಅರೆಕ್ಷಣಕ್ಕಿಂತ ಹೆಚ್ಚು ಬದುಕದಿದ್ದ ಆ ಸ್ವರ ಈಗ ಸಾಯಲು ಯಾರೂ ಹೇಳದ್ದರಿಂದ ಗೋದಾಮಿನ ತುಂಬ ನಿಂತುಕೊಂಡಿತು. ಹಾಸಿಗೆಗಳ ಪ್ಲಾಸ್ಟಿಕ್ಕು ಜುಮುಗುಟ್ಟಿತು. ಮೇಷ್ಟ್ರು ಅದರ ಕೆಳಗೆ ಮೆತ್ತಗೆ ತಮ್ಮ ದಪ್ಪ ತಂತಿಯನ್ನು ಸೇರಿಸಿದಾಗ ಅವನ ಎದೆಯ ಗೂಡಿನೊಳಗೆ ಏನೋ ಸರಿದು ತನ್ನ ಜಾಗದಲ್ಲಿ ಕೂತಂತಾಯಿತು. ಎರಡು ನಿಮಿಷದ ಹಾಡು ಹದಿನೇಳು ನಿಮಿಷ ನಡೆಯಿತು. ಹಾಸಿಗೆಯವನು ಎರಡನೆಯ ಚರಣವನ್ನು ಪೂರ್ತಿ ಹಾಡಿದ, ಪ್ರತಿ ಪದವೂ ಕೇಳಿಸಿತು. ಮುಗಿದ ಮೇಲೆ ಅವನೇ ಮುಖ ಕೆಂಪು ಮಾಡಿಕೊಂಡು, ಪದಗಳು ಕೇಳಿಸುವುದಾದರೆ ತಾನು ಇದನ್ನು ಬೇರೆ ಥರ ಬರೆಯಬೇಕಿತ್ತು, ಹುಳುಗಳ ವಿಷಯದಲ್ಲಿ ಸ್ವಲ್ಪ ಅತಿಯಾಯಿತು ಎಂದ.

ಶೋನಲ್ಲಿ ಆ ಹಾಡನ್ನು ಹೀಗೆ ನಿಧಾನವಾಗಿಯೇ ಬಾರಿಸುವುದೆಂದಾಯಿತು, ಆದರೆ ಇದರಿಂದ ಎಲ್ಲ ಸರಿಹೋಯಿತೆಂದಲ್ಲ. ಮುಂದಿನ ಮೂರು ವಾರ ಸೂಜಿ ದಿನವೂ ಪ್ರಾಕ್ಟೀಸಿಗೆ ಬಂದಳು, ಆದರೆ ಅವನ ಜೊತೆ ಒಂದು ಮಾತೂ ಆಡಲಿಲ್ಲ. ಹೇಳಬೇಕಾದದ್ದನ್ನು ಮೇಷ್ಟ್ರಿಗೆ ಹೇಳುತ್ತಿದ್ದಳು. ಡ್ರಮ್ಮಿನವರು ಮೂರನೆಯ ಭಾಗದಲ್ಲಿ ಅವಸರ ಮಾಡುತ್ತಿದ್ದಾರೆ ಎಂದು ಅವಳು ಮೇಷ್ಟ್ರಿಗೆ ಹೇಳುವುದು, ಮೇಷ್ಟ್ರು ಎರಡು ಅಡಿ ದೂರ ಕೂತ ಅವನಿಗೆ ತಿರುಗಿ ಅದನ್ನೇ ವ್ಯಾಕರಣಬದ್ಧವಾಗಿ ಒಪ್ಪಿಸುವುದು. ಸಮುದ್ರದಾಚೆಯವನಿಗೆ ನಿಜವನ್ನು ಬರೆದು ತಿಳಿಸತಕ್ಕದ್ದು ಎಂಬ ಆಜ್ಞೆಯೂ ಹೀಗೆಯೇ ಬಂತು. ಬರೆದ. ಬರೆಯಲು ಒಂದು ಭಾನುವಾರವಿಡೀ ಹಿಡಿಯಿತು. ಅತ್ತಲಿಂದ ಉತ್ತರ ಬರಲಿಲ್ಲ. ಆ ಮೌನವನ್ನು ಹೊಟ್ಟೆಗೆ ಹಾಕಿಕೊಳ್ಳಬೇಕಾಯಿತು. ಆದರೆ ಬೆಳಿಗ್ಗೆ ಲಿಫ್ಟಿನ ತಳದ ಹೊಂಡದಲ್ಲಿ ಇಳಿದು ನಿಂತಾಗ, ತನಗೆ ತಿಳಿಯದೆಯೇ ಶಿಳ್ಳೆ ಹಾಕುತ್ತಿದ್ದ. ನಿಧಾನವಾಗಿ ಬಾರಿಸುವುದು ವೇಗವಾಗಿ ಬಾರಿಸುವುದಕ್ಕಿಂತ ಎಷ್ಟೋ ಕಷ್ಟ ಎಂದು ಗೊತ್ತಾಗಿ ಅವನಿಗೆ ಹೊಸ ಕೆಲಸ ಸಿಕ್ಕವನ ಹುರುಪು ಬಂದಿತ್ತು. ಎರಡು ಹೊಡೆತಗಳ ನಡುವೆ ಓಡಿಹೋಗಲು ಕೈ ಹವಣಿಸುತ್ತಿತ್ತು. ತಡೆದು ಕೂರಿಸಬೇಕಿತ್ತು.

ಶೋ ನಡೆದದ್ದು ಮಧ್ಯಾಹ್ನ ಮೂರಕ್ಕೆ, ಮುಚ್ಚಿಹೋದ ಒಂದು ಛಾಪಖಾನೆಯ ಹಾಲಿನಲ್ಲಿ. ನಲವತ್ತಮೂರು ಜನ ಎಂದು ಮೇಷ್ಟ್ರು ಎಣಿಸಿ ಹೇಳಿದರು. ಎಲ್ಲರೂ ಕರಿ ಅಂಗಿ ತೊಟ್ಟು, ಕುಣಿದಾಡಲು ಮೈ ಸಡಿಲಿಸಿಕೊಂಡು ಬಂದಿದ್ದರು. ಹೆಂಡತಿ ಮತ್ತು ಭಾಮೈದ ಹಿಂದಿನ ಗೋಡೆಗೆ ಒರಗಿದ್ದರು. ಭಾಮೈದ ತಪ್ಪಿತಸ್ಥನ ಹಾಗೆ ಅಕ್ಕನ ಹಿಂದೆ ಅರ್ಧ ಮರೆಯಾಗಿದ್ದ. 'ಹುಳುಗಳ ಸಭೆ'ಯ ಮೊದಲ ಹೊಡೆತ ಬಿತ್ತು. ಮುಂದಿನ ಸಾಲಿನಲ್ಲಿ ಕುಣಿಯಲು ಜಿಗಿದವನೊಬ್ಬ ಗಾಳಿಯಲ್ಲಿದ್ದಾಗ ಎರಡನೆಯದು ಬರಲಿಲ್ಲ. ಕೆಳಗೆ ಬಂದು ನಿಂತು, ಸುತ್ತ ನೋಡಿ, ಅಂಗಿ ಸರಿಮಾಡಿಕೊಂಡ ಮೇಲೆ ಬಂತು. ಹಿಂದಿನಿಂದ ಯಾರೋ ಬ್ಯಾಟರಿ ಮುಗಿದಿದೆಯಾ ಎಂದು ಕೇಳಿದರು, ನಗು ಎದ್ದಿತು. ಅವನಿಗೂ ಬೆವರಿನ ನಡುವೆ ನಗು ಬಂತು. ಇಬ್ಬರು ಎದ್ದುಹೋದರು. ಐದನೆಯ ನಿಮಿಷದ ಹೊತ್ತಿಗೆ ನಗು ನಿಂತಿತ್ತು. ಹತ್ತನೆಯದಕ್ಕೆ, ಜಿಗಿದಿದ್ದವನು ಕಣ್ಣು ಮುಚ್ಚಿ ನಿಂತಿದ್ದ, ಅವನ ತಲೆ ಭಾರದ ಬಾಗಿಲಿನ ಹಾಗೆ ಒಂದು ಸಲ ಮುಂದೆ, ಬಹಳ ಹೊತ್ತಿನ ಮೇಲೆ ಒಂದು ಸಲ ಹಿಂದೆ ಹೋಗುತ್ತಿತ್ತು. ಅವನ ಹಿಂದೆ ಇನ್ನಿಬ್ಬರು. ಅವರ ಹಿಂದೆ ಸಾಲೇ.

ಮೂರನೆಯ ಭಾಗ ಬಂತು. ಅವನು ಹೊಡೆದ, ಅವಳು ಮೀಟಿದಳು, ಸ್ವರ ಹಾಲಿನ ತುಂಬ ನಿಂತಿತು. ಮುಂದಿನ ಹೊಡೆತಕ್ಕೆ ಇನ್ನೂ ಬೇಕಾದಷ್ಟು ಸಮಯವಿತ್ತು. ಆ ಸಮಯದಲ್ಲಿ ಸೂಜಿ ಜನರಿಗೆ ಬೆನ್ನು ಮಾಡಿ, ಗಿಟಾರಿನ ತಂತಿ ಮಿಡಿಯುತ್ತಿರುವಂತೆಯೇ, ನಾಲ್ಕು ಹೆಜ್ಜೆ ನಡೆದು ಡ್ರಮ್ಮಿನ ಹತ್ತಿರ ಬಂದು ಬಾಗಿದಳು. ಮೇಷ್ಟ್ರು ಬೇರೆ ಕಡೆ ನೋಡಿದರು.

"ಇನ್ನೂ ನಿಧಾನ," ಎಂದಳು, ಅವನಿಗೇ.

ಕೋಲು ಮೇಲೆತ್ತಿ ಹಿಡಿದು ಅವನು ಕಾದ.